ತುಳಜಾ ಹೆಸರು ಬದಲಿಸಿದ್ದು

ತುಳಜಾ ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿ ಹಾಕಿಡುವವಳು. ಇದು ತಿಳಿಯದೆ ಅವಳನ್ನು ಕೆಣಕಿದವರು ಹಳಿಯಾಳ ತಾಲೂಕಿನ ಅವಳ ವಾಡಿಯಲ್ಲೇ ಒಬ್ಬಿಬ್ಬರಿದ್ದಾರೆ. ಐದನೇ ಇಯತ್ತೆಯಲ್ಲಿದ್ದಾಗ ಬಾಜೂ ಮನೆಯ ಹುಡುಗಿ ಇವಳ ಕಂಪಾಸ್ ಪೆಟ್ಟಿಗೆ ಎತ್ತಿಕೊಂಡು ತನ್ನದೇ ಎಂದು ಸಾಧಿಸಿದಳು. ತುಳಜಾ ಅಳಲಿಲ್ಲ, ಗುರುಗಳಿಗೆ ದೂರು ಕೊಡಲಿಲ್ಲ. ಐದು ವರ್ಷ ಬಿಟ್ಟು, ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಬೆಳಿಗ್ಗೆ, ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಂತು, "ನನ್ನ ಕಂಪಾಸ್ ಕೊಡ" ಎಂದು ಕೈ ಚಾಚಿದಳು. ಮುಚ್ಚಳದ ಒಳಗೆ ಮೊಳೆಯಿಂದ ಕೊರೆದ ಅವಳ ಹೆಸರು ಇನ್ನೂ ಹಾಗೇ ಇತ್ತು. ಆ ಹುಡುಗಿ ಅಂದು ಬಳೆ ಇಟ್ಟು ವೃತ್ತ ಎಳೆದಳಂತೆ.

ಇಂಥವಳನ್ನು ಹುಡುಕಿಕೊಂಡು ಹೋಗಿ ಸೊಸೆ ಮಾಡಿಕೊಂಡವಳು ದಾಂಡೇಲಿ ಅಂಬೇವಾಡಿಯ ಗೋದುಬಾಯಿ. ಮಗ ಕುಬೇರ ಮೌಳಂಗಿ ರಸ್ತೆಯಲ್ಲಿ ಹೋಮ್‌ಸ್ಟೇ ನಡೆಸುತ್ತಿದ್ದ. ಲಗ್ನವಾದದ್ದು ಕೊರೊನಾದ ಎರಡನೇ ಅಲೆಯ ಮೇ ತಿಂಗಳಲ್ಲಿ. ಕಲ್ಯಾಣ ಮಂಟಪಗಳಿಗೆಲ್ಲ ಬೀಗ. ಗೋದುಬಾಯಿಯ ಹಿತ್ತಲಲ್ಲೇ ಹಂದರ ಹಾಕಿದರು. ಹೆಣ್ಣಿನ ಕಡೆಯಿಂದ ಐದೇ ಜನ ಬರಬೇಕೆಂದು ಅಪ್ಪಣೆಯಾಯಿತು. ತುಳಜಾಳ ಅಪ್ಪ ಜ್ಯೋತಿಬಾನ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಆದ್ದರಿಂದ ತವರಿನವರ ಬಳಿ ಒಂದು ಫೋಟೋ ಕೂಡ ಉಳಿಯಲಿಲ್ಲ. ದಾಂಡೇಲಿಯ ಈಶಪ್ಪನ ಸ್ಟುಡಿಯೋದಿಂದ ಒಬ್ಬ ಕ್ಯಾಮೆರಾದವನು ಮಾತ್ರ ಬಂದಿದ್ದ.

ಈ ಕಡೆಯ ಎಷ್ಟೋ ಮರಾಠಾ ಮನೆಗಳಲ್ಲಿ ಲಗ್ನದ ದಿನವೇ ಸೊಸೆಗೆ ಹೊಸ ಹೆಸರಿಡುತ್ತಾರೆ. ತಾಟಿನ ತುಂಬ ಅಕ್ಕಿ ಹರಡಿ, ವರ ತನ್ನ ಉಂಗುರದಿಂದ ಆ ಹೆಸರನ್ನು ಅಕ್ಕಿಯಲ್ಲಿ ಬರೆಯುತ್ತಾನೆ, ನೆರೆದವರಿಗೆ ಓದಿ ಹೇಳುತ್ತಾನೆ. ಕುಬೇರ ಬರೆದದ್ದು "ಸುಮಿತಾ". ಗೋದುಬಾಯಿ ಆರಿಸಿದ ಹೆಸರು. ಜ್ಯೋತಿಬಾ ಮಗಳಿಗೆಂದು ಕೊಟ್ಟ ಐವತ್ತೊಂದು ಸ್ಟೀಲ್ ಪಾತ್ರೆಗಳ ಅಂಚಿನ ಮೇಲೂ ಆಕೆ ಮೊದಲೇ ಅದೇ ಹೆಸರು ಕೊರೆಯಿಸಿದ್ದಳು: ಸುಮಿತಾ ಕುಬೇರ. ಹಂಡೆಯಿಂದ ಹಿಡಿದು ಹಾಲು ಕಾಸುವ ಪಾತೇಲಿಯವರೆಗೆ ಒಂದನ್ನೂ ಬಿಟ್ಟಿರಲಿಲ್ಲ.

ಹದಿನಾಲ್ಕು ತಿಂಗಳು ತುಳಜಾ ಆ ಮನೆಯಲ್ಲಿ ಬಾಳಿದಳು. ಸುಮಿತಾ ಎಂದು ಕರೆದರೆ ಅವಳಿಗೆ ಒಮ್ಮೆಗೇ ಓಗೊಡಲು ಬರುತ್ತಿರಲಿಲ್ಲ. ಯಾರನ್ನೋ ಕರೆಯುತ್ತಿದ್ದಾರೆ ಎನಿಸುತ್ತಿತ್ತು. "ಸೊಕ್ಕ ನೋಡ ಇಕಿದು" ಎಂದು ಗೋದುಬಾಯಿ ನೆರೆಹೊರೆಗೆಲ್ಲ ಸಾರಿದಳು. ಎರಡನೇ ವರ್ಷದ ಪಂಚಮಿ ಹಬ್ಬಕ್ಕೆಂದು ತವರಿಗೆ ಕಳಿಸಿದರು. ಕರೆಯಲು ಯಾರೂ ಬರಲಿಲ್ಲ. ದಸರೆ ಬಂತು, ದೀಪಾವಳಿ ಬಂತು. ಜ್ಯೋತಿಬಾ ತಾನೇ ಹೋಗಿ ಕೇಳಿದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು.

ಕಡೆಗೆ ಹಿರಿಯರು ಕೂತರು. ಗೋದುಬಾಯಿ ತಲೆಯ ಮೇಲೆ ಸೆರಗು ಹೊದ್ದು, ಮೈಮೇಲೆ ದೇವರು ಬಂದವಳ ಹಾಗೆ ನಿಷ್ಠುರವಾಗಿ ಹೇಳಿದಳು: "ಲಗ್ನ ಎಲ್ಲಿ ಆಗೇತ್ರಿ? ಬರೇ ಕುಂಕುಮಾ ಹಚ್ಚಿದ್ವಿ. ಲಾಕ್‌ಡೌನ್‌ದಾಗ ಹೋಗಾಕ ಬರಾಕ ಆಗಲಿಲ್ಲ ಅಂತ ಹುಡುಗಿ ನಾಕ ದಿನ ನಮ್ಮನ್ಯಾಗ ಇದ್ಲು."

"ಐವತ್ತೊಂದ ಪಾತ್ರಿ ಕೊಟ್ಟೇನಲ್ರಿ ನಾನು!" ಎಂದ ಜ್ಯೋತಿಬಾ.

"ನೋಡ್ರಿ ಹಿರೇರ, ಪಾತ್ರಿ ಮ್ಯಾಲೆ ಏನ್ ಹೆಸರೈತಿ? ಸುಮಿತಾ. ಈಕಿ ಹೆಸರೇನು? ತುಳಜಾ. ಅವು ಈಕಿವು ಹೆಂಗಾಗ್ತಾವ? ಮುಂದ ಬರೂ ಸೊಸಿಗಂತ ನಾವ ಮಾಡಿಸಿಟ್ಟಿದ್ದವು."

ಅಂಬೇವಾಡಿಯ ನೆರೆಯವರನ್ನು ಕೇಳಿದರೆ, ಸುಮಿತಾಳ ಮಾತು ಎತ್ತದೆ, ತುಳಜಾ ಯಾರೋ ತಿಳಿಯದು ಎಂದು ಜಾರಿಕೊಂಡರು. ಹೆಸರು ಕಿತ್ತುಕೊಂಡವಳು ಈಗ ಆ ಹೆಸರನ್ನೇ ಮುಂದೆ ಹಿಡಿದು ಮನುಷ್ಯಳನ್ನೇ ಇಲ್ಲ ಎನಿಸಿಬಿಟ್ಟಳು. ಜ್ಯೋತಿಬಾ ಆ ದಿನ ಮಗಳ ಜೊತೆ ಬಸ್ಸಿನಲ್ಲಿ ಮರಳಿದ. ಮನೆ ಮುಟ್ಟಿದ ಮೇಲೆ ಬಚ್ಚಲಿಗೆ ಹೋಗಿ ಅತ್ತ. ತುಳಜಾಳ ಭರಣಿಯ ಬಾಯಿ ಅಂದು ಬಿಗಿಯಾಗಿ ಮುಚ್ಚಿತು. ಅವಳಿಗೆ ಕುಬೇರ ಬೇಕಾಗಿರಲಿಲ್ಲ, ಅವನ ಮನೆ ಬೇಕಾಗಿರಲಿಲ್ಲ. ಲಗ್ನ ಆಗಿತ್ತು ಎಂಬುದು ಗೋದುಬಾಯಿಯ ಮುಖದೆದುರು, ನಾಲ್ಕು ಜನರೆದುರು ಸಾಬೀತಾಗಬೇಕಿತ್ತು.

ಹಳಿಯಾಳದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು ಅವಳು. ಕೆಲಸ ಎಲ್ಲೆಲ್ಲೋ ಸಿಗುತ್ತಿತ್ತು. ಅವಳು ಮಾತ್ರ ಈಶಪ್ಪನ ಸ್ಟುಡಿಯೋದಲ್ಲಿ ಜಾಗ ಖಾಲಿಯಾಗುವವರೆಗೆ ಕಾದು ಅಲ್ಲಿಗೇ ಸೇರಿದಳು. ಕೊರೊನಾ ಕಾಲದ ಮುಖಗವಸು, ಹಣೆಯ ಮೇಲೆ ಬಾಸಿಂಗ, ಹೀಗಿದ್ದ ವಧುವನ್ನು ಯಾರು ನೆನಪಿಡುತ್ತಾರೆ? ಆ ಕ್ಯಾಮೆರಾದವನು ಗೋವೆಗೆ ಹೋಗಿಬಿಟ್ಟಿದ್ದ. ಈಶಪ್ಪನಿಗೆ ಇವಳು ವಾಡಿಯ ಜ್ಯೋತಿಬಾನ ಮಗಳು, ದಿನಾ ಹಳಿಯಾಳದ ಬಸ್ಸಿಗೆ ಬಂದು ಹೋಗುವ ಕೆಲಸದ ಹುಡುಗಿ. ಅಷ್ಟೇ.

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇತ್ತು. ಲಗ್ನ, ಸೀಮಂತ, ಪ್ರವಾಸಿಗರ ರಾಫ್ಟಿಂಗ್ ವಿಡಿಯೋ, ಎಲ್ಲವೂ ಅದರಲ್ಲಿ. ಪ್ರತಿ ಲಗ್ನಕ್ಕೂ ಒಂದೊಂದು ಬೇರೆ ಫೈಲ್ ಸಿಸ್ಟಮ್. ಸ್ಟುಡಿಯೋದವರು ಅದನ್ನು ಖಾನೆ ಎನ್ನುತ್ತಿದ್ದರು. ಖಾನೆಗೆ ವರನ ಹೆಸರು, ಮುಂದೆ ಸೊಸೆಯ ಹೊಸ ಹೆಸರು. ದಿನಾ ಸಂಜೆ ಯಂತ್ರ ಪ್ರತಿ ಖಾನೆಯನ್ನೂ ಇದ್ದದ್ದು ಇದ್ದ ಹಾಗೆ ಹಿಡಿದಿಡುತ್ತಿತ್ತು. ಅದಕ್ಕೆ ಸ್ನ್ಯಾಪ್‌ಶಾಟ್ ಎಂದು ಹೆಸರು. ಮರುದಿನ ಖಾನೆಯಲ್ಲಿದ್ದದ್ದನ್ನೆಲ್ಲ ಅಳಿಸಿದರೂ ಸ್ನ್ಯಾಪ್‌ಶಾಟಿನಲ್ಲಿ ಆ ಸಂಜೆಯದು ಹಾಗೇ ಕೂತಿರುತ್ತದೆ. ಈಶಪ್ಪನಿಗೆ ಇದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಕ್ಯಾಮೆರಾ, ಬೆಳಕು, ಮತ್ತು ಬೀಗರ ಮುಂದೆ ನಗುವುದು.

ಸೇರಿದ ಮೊದಲ ದಿನವೇ ತುಳಜಾ ಪಟ್ಟಿ ತೆಗೆದು "ಕುಬೇರ-ಸುಮಿತಾ" ಹುಡುಕಿದಳು. ಖಾನೆ ಇತ್ತು, ಒಳಗೆ ಏನೂ ಇರಲಿಲ್ಲ. ಯಾರೋ ಗುಡಿಸಿ ಸಾರಿಸಿದ್ದರು. ಆದರೆ ಆ ಮೇ ತಿಂಗಳ ಸ್ನ್ಯಾಪ್‌ಶಾಟ್ ಒಂದು ಉಳಿದಿತ್ತು. ತೆರೆದಳು. ಹಂದರ, ಅಪ್ಪನ ತಲೆಯ ಹಳದಿ ಪಟಕಾ, ಅಕ್ಕಿಯ ತಾಟು, ಬರೆಯುವ ಬೆರಳು. ಧ್ವನಿ ಮುಚ್ಚಿ ಒಮ್ಮೆ ಪೂರ್ತಿ ನೋಡಿದಳು. ನೋಡಿ ಎದ್ದು, ಎಲ್ಲರಿಗೂ ಚಹಾ ಹೇಳಿ ಬಂದಳು.

ಪೆನ್ ಡ್ರೈವಿಗೆ ಇಳಿಸಿ ಹಳಿಯಾಳದ ವಕೀಲರಮ್ಮನಿಗೆ ಒಯ್ದು ತೋರಿಸಿದಳು. ಅವರು ನೋಡಿ ತಲೆಯಾಡಿಸಿದರು. "ಇಷ್ಟರ ಮ್ಯಾಲೆ ನಿಂದ್ರಾಕಾಗೂದಿಲ್ಲವಾ. ಈಗೇನು, ಯಾರ ಮುಖಾ ಬೇಕಾದರೂ ಯಾರಿಗಾದರೂ ಹಚ್ಚಿ ವಿಡಿಯೋ ಮಾಡ್ತಾರ. ಅಸಲು ಆ ಯಂತ್ರದಾಗ, ಅದರ ತಾರೀಖಿನ ಜೋಡಿ ಇರಬೇಕು. ಸ್ಟುಡಿಯೋದ ಮಾಲಕ ಇದು ನಂದ ಅಂತ ಸಹಿ ಮಾಡಿ ಕೊಡಬೇಕು." ಆ ಖಾನೆಯನ್ನು ಗುಡಿಸಿದ ಮಾಲಕ ಸಹಿ ಮಾಡುತ್ತಾನೆಯೇ? ಕೇಳಲು ಹೋದರೆ ಉಳಿದದ್ದೂ ಹೋದೀತು. ತುಳಜಾ ಕಾಯತೊಡಗಿದಳು. ಕಾಯುವುದು ಅವಳಿಗೆ ಹೊಸತಲ್ಲ.

ಹದಿನೈದು ತಿಂಗಳು ಕಳೆದವು. ಅಷ್ಟರಲ್ಲಿ ಡಿಸ್ಕ್ ತುಂಬಿತು. ಹುಬ್ಬಳ್ಳಿಯಿಂದ ಒಬ್ಬ ತಂತ್ರಜ್ಞ ಬಂದು, "ದಿನ" ಎಂದು ಶುರುವಾಗುವ ಹೆಸರಿನ, ಮೂರು ವರ್ಷ ದಾಟಿದ ಸ್ನ್ಯಾಪ್‌ಶಾಟುಗಳೆಲ್ಲ ಬರುವ ಒಂದನೇ ತಾರೀಖಿಗೆ ತಾವಾಗಿ ಅಳಿದುಹೋಗುವಂತೆ ವ್ಯವಸ್ಥೆ ಮಾಡಿ ಹೋದ. ಯಂತ್ರ ಇಡುತ್ತಿದ್ದ ಹೆಸರೆಲ್ಲ "ದಿನ" ಎಂದೇ ಶುರುವಾಗುತ್ತಿದ್ದವು. ಉಳಿದದ್ದು ಆರು ದಿನ.

ಅದೇ ವಾರ ಈಶಪ್ಪ ಕೈಯಲ್ಲಿ ಚೀಟಿ ಹಿಡಿದು ಬಂದ. "ತುಳಜವ್ವಾ, ಹೊಸಾ ಬುಕಿಂಗ್ ಬಂದೈತಿ. ಖಾನೆ ಮಾಡಿಡು."

ಚೀಟಿಯಲ್ಲಿತ್ತು: ಕುಬೇರ-ಸುಮಿತಾ. ಅಂಬೇವಾಡಿ.

ತುಳಜಾ ಚೀಟಿಯನ್ನು ಕೀಬೋರ್ಡಿನ ಪಕ್ಕಕ್ಕೆ ಇಟ್ಟುಕೊಂಡಳು. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದಳು. ಈ ಹೆಸರಿನದು ಆಗಲೇ ಇದೆ, ಇನ್ನೊಂದು ಮಾಡಲಾಗದು ಎಂದಿತು ಯಂತ್ರ. ಅಂಬೇವಾಡಿಯ ಅಷ್ಟು ಮನೆಗಳಲ್ಲಿ ಯಾರ ಬಾಯಿಂದಲೂ ಬರದ ಮಾತು.

"ಆಗಲೇ ಒಂದ ಐತಂತ್ರಿ ಅಣ್ಣಾರ."

"ಹಳೇದದು, ಏನೂ ಇಲ್ಲ ಅದ್ರಾಗ. ತಗದ ಒಗಿ. ಹುಡುಗಿ ಇಲ್ಲೇ ನಮ್ಮ ಜಿಲ್ಲಾದ ರಾಮನಗರದಾಕಿ, ಹೆಸರ ಪ್ರಣಾಲಿ ಅಂತ. ಲಗ್ನದಾಗ ಸುಮಿತಾ ಅಂತ ಇಡ್ತಾರ. ಐತವಾರ ಎರಡೂ ಮನಿಯವರು ಸಿನಿಮಾ ನೋಡಾಕ ಬರ್ತಾರ, ಅದರೊಳಗ ತಯಾರಾಗ್ಲಿ."

ಲಗ್ನದ ಮೊದಲು ವರ ಕನ್ಯೆ ಕೈಕೈ ಹಿಡಿದು ಓಡಾಡುವ ಹತ್ತು ನಿಮಿಷದ ಚಿತ್ರ ತೆಗೆಯುತ್ತಾರಲ್ಲ, ಅದು. ಮೌಳಂಗಿಯ ಹೊಳೆ ದಂಡೆಯಲ್ಲಿ ತೆಗೆದಿದ್ದರು. ಸುಮಿತಾ ಎಂಬ ಹೆಸರು ಯಾಕೆ ಮತ್ತೆ ಬಂತೆಂದು ತುಳಜಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾತ್ರೆ ಮುಂದೆ ಬರುವ ಸೊಸೆಯದೆಂದು ಹಿರಿಯರೆದುರು ಹೇಳಿ ಕೂತಿದ್ದಾಳೆ ಗೋದುಬಾಯಿ. ಈಗ ಯಾರು ಬಂದರೂ ಆ ಹೆಸರು ಹೊರಲೇಬೇಕು. ಇಲ್ಲವಾದರೆ ಐವತ್ತೊಂದು ಪಾತ್ರೆ ಎದ್ದು ಸಾಕ್ಷಿ ಹೇಳುತ್ತವೆ. ಒಂದು ಸುಳ್ಳು ಹೇಳಿದವಳು ಅದರ ಬೆನ್ನಿಗೆ ಹತ್ತು ಹೆರಬೇಕಾಗುತ್ತದೆ.

ಈಶಪ್ಪ ಹೊರಗೆ ಹೋದ. ತುಳಜಾ ಖಾನೆಯನ್ನು ಅಳಿಸಲಿಲ್ಲ. ಅದರ ಹೆಸರು ಬದಲಿಸಲು ಹೊರಟಳು. ಕಪ್ಪು ಪರದೆಯಲ್ಲಿ ಒಂದೇ ಸಾಲು: ರಿನೇಮ್, ಹಳೆಯ ಹೆಸರು, ಹೊಸ ಹೆಸರು. "ಕುಬೇರ-ಸುಮಿತಾ" ಹೋಗಿ "ಕುಬೇರ-ತುಳಜಾ" ಆಗಬೇಕು. ಎಂಟರ್ ಒತ್ತಿದರೆ ಯಂತ್ರ ಒಲ್ಲೆ ಎಂದಿತು. ಖಾನೆ ಬಳಕೆಯಲ್ಲಿದೆಯಂತೆ.

ಯಾರ ಬಳಕೆಯಲ್ಲಿ? ಎಡಿಟಿಂಗ್ ಕಂಪ್ಯೂಟರ್ ಆರಿಸಿ ಬಂದಳು. ಮತ್ತೆ ಅದೇ ಉತ್ತರ. ಹೊರಗೆ ಈಶಪ್ಪ ಫೋನಿನಲ್ಲಿ ನಗುವುದು ಕೇಳುತ್ತಿತ್ತು. ಆಮೇಲೆ ಹೊಳೆದು ಹಣೆ ಚಚ್ಚಿಕೊಂಡಳು. ಬೆಳಿಗ್ಗೆ ಸ್ನ್ಯಾಪ್‌ಶಾಟ್ ಇನ್ನೂ ಇದೆಯೇ ಎಂದು ಆ ಖಾನೆಯ ಒಳಗೆ ಹೋಗಿ ನೋಡಿದವಳು ಹೊರಗೆ ಬಂದೇ ಇರಲಿಲ್ಲ. ಅವಳ ಕಪ್ಪು ಪರದೆ ಇನ್ನೂ ಅದರೊಳಗೇ ನಿಂತಿತ್ತು. ಬಳಸುತ್ತಿದ್ದವಳು ತಾನೇ. ಎರಡಕ್ಷರ ಒತ್ತಿ ಹೊರಗೆ ಬಂದಳು. ಮತ್ತೆ ರಿನೇಮ್. ಈ ಸಲ ಯಂತ್ರ ತುಟಿ ಪಿಟ್ಟೆನ್ನಲಿಲ್ಲ. ಆಗದಿದ್ದರೆ ಹೇಳುವುದು, ಆಯಿತೆಂದರೆ ಸುಮ್ಮನಿರುವುದು ಅದರ ಪದ್ಧತಿ.

ಪಟ್ಟಿ ತೆಗೆದಳು. ಕುಬೇರ-ತುಳಜಾ. ಅದರ ಬೆನ್ನಿಗಂಟಿಕೊಂಡೇ ಬಂದಿತ್ತು ಮೇ ತಿಂಗಳ ಸ್ನ್ಯಾಪ್‌ಶಾಟ್. ಅದರ ಹೆಸರಿನಿಂದಲೂ "ದಿನ" ತೆಗೆದು "ಲಗ್ನ" ಎಂದು ಮಾಡಿದಳು. ಇನ್ನು ಒಂದನೇ ತಾರೀಖಿನ ಕತ್ತರಿ ಇದನ್ನು ಮುಟ್ಟುವಂತಿಲ್ಲ. ಹೆಸರು ಎಷ್ಟು ಸಲ ಬದಲಿಸಿದರೂ ಹುಟ್ಟಿದ ತಾರೀಖು ಅದೇ ಇರುತ್ತದೆ, ಅದನ್ನು ಬದಲಿಸುವ ಆಜ್ಞೆಯೇ ಅಲ್ಲಿಲ್ಲ. ಆ ತಾರೀಖನ್ನು ಬೆರಳಿಟ್ಟು ಎರಡು ಸಲ ಓದಿಕೊಂಡಳು. ಆಮೇಲೆ ಚೀಟಿಯಲ್ಲಿದ್ದ ಹೆಸರಿಗೆ ಹೊಸ ಖಾನೆಯನ್ನೂ ಮಾಡಿಟ್ಟಳು.

"ಹಳೇ ಖಾನೆ ಏನಾತವಾ?" ಈಶಪ್ಪ ಇಣುಕಿದ.

"ಆ ಹೆಸರಿನ ಖಾನೆ ಈಗ ಇಲ್ರಿ ಅಣ್ಣಾರ. ಹೊಸಾದ ಮಾಡೇನಿ."

ಒಂದಕ್ಷರ ಸುಳ್ಳಿರಲಿಲ್ಲ.

ಐತವಾರ ಹತ್ತು ಗಂಟೆಗೆ ಎರಡೂ ಮನೆಯವರು ಬಂದರು. ರಾಮನಗರದ ಠಾಕಪ್ಪ, ಪ್ರಣಾಲಿಯ ಅಪ್ಪ, ಕಿರಾಣಿ ಅಂಗಡಿಯ ಮನುಷ್ಯ, ಬಿಳಿ ಟೋಪಿ. ಪಕ್ಕದಲ್ಲಿ ಪ್ರಣಾಲಿ. ಈ ಕಡೆ ಗೋದುಬಾಯಿ, ಮೂಗಿನಲ್ಲಿ ನತ್ತು, ಕಾಲಮೇಲೆ ಕಾಲು. ಕುಬೇರ ಮೊಬೈಲ್ ನೋಡುತ್ತ ಕೂತಿದ್ದ. ತುಳಜಾ ಯಂತ್ರದ ಕೋಣೆಯಲ್ಲಿ ಪರದೆಯ ಹಿಂದೆ. ನಡುವೆ ಒಂದು ನೀಲಿ ಬಟ್ಟೆ ಮಾತ್ರ.

ಚಿತ್ರ ಓಡಿತು. ಹೊಳೆ, ದೋಣಿ, ಕೆಂಪು ಸೀರೆ, ಗಾಳಿಗೆ ಹಾರುವ ಕೂದಲು. ಕಡೆಯಲ್ಲಿ ಬಂಗಾರದ ಅಕ್ಷರದಲ್ಲಿ ಕುಬೇರ, ಸುಮಿತಾ. ಠಾಕಪ್ಪ ಚಪ್ಪಾಳೆ ತಟ್ಟಿ ಕೇಳಿದ, "ಛಲೋ ಆಗೇತಿ. ಆದರ ಬಾಯೀ, ನಮ್ಮ ಪ್ರಣಾಲಿ ಹೆಸರಿಗೆ ಏನ ಆಗಿತ್ತರಿ?"

"ಹೆಸರಿಗೆ ಏನೂ ಆಗಿಲ್ರಿ ಬೀಗರ. ನಿಮ್ಮ ಮಗಳ ಬರ್ತಾಳಂತ ದೇವರ ಮೊದಲ ತಿಳಿಸಿದ್ನೋ ಏನೋ, ಐವತ್ತೊಂದ ಪಾತ್ರಿ ಮ್ಯಾಲೆ ಆ ಹೆಸರ ಹಾಕಿಸಿಟ್ಟೇನಿ. ಅಕಿ ಬಂದು ಅಡಗಿ ಮಾಡೂದೊಂದ ಬಾಕಿ."

ನೀಲಿ ಬಟ್ಟೆಯ ಹಿಂದೆ ತುಳಜಾ ಇದನ್ನು ಕೇಳಿದಳು. ಅಪ್ಪ ಬಚ್ಚಲಲ್ಲಿ ಅತ್ತದ್ದು ಕಿವಿಯಲ್ಲಿ ಮತ್ತೆ ಕೇಳಿತು. ಆ ಗಳಿಗೆ ಅವಳಿಗೆ ಪ್ರಣಾಲಿಯ ಮೇಲೆ ಮರುಕ ಬಂತು ಎಂದು ಬರೆದರೆ ಸುಳ್ಳಾದೀತು. ಮರುಕ ಆಮೇಲೆ ಬಂತು. ಆಗ ಬಂದದ್ದು ಬರೀ ಸಂತೋಷ, ನಾಲ್ಕು ವರ್ಷ ಹಸಿದವರ ಮುಂದೆ ತಾಟು ಬಂದಾಗಿನ ಸಂತೋಷ. ಕೀ ಒತ್ತಿದಳು.

ಪರದೆಯ ಮೇಲೆ ಹಂದರ. ಮುಖಗವಸು ಹಾಕಿದ ಹತ್ತಿಪ್ಪತ್ತು ಜನ. ತಾಟಿನ ತುಂಬ ಅಕ್ಕಿ. ಒಂದು ಬೆರಳು, ಹಸಿರು ಹರಳಿನ ಉಂಗುರ, ಅಕ್ಕಿಯಲ್ಲಿ ನಿಧಾನವಾಗಿ ಸು, ಮಿ, ತಾ. "ಓದ ಹೇಳೋ ಕುಬ್ಯಾ" ಎಂದು ಗೋದುಬಾಯಿಯದೇ ದನಿ. ಕ್ಯಾಮೆರಾ ಮೇಲೇರಿತು: ಬಾಸಿಂಗ ಕಟ್ಟಿದ ಕುಬೇರ. ಪಕ್ಕಕ್ಕೆ ಹೊರಳಿತು: ಮುಖಗವಸು ಇಳಿಸಿದ ವಧು. ಮೂಲೆಯಲ್ಲಿ ತಾರೀಖು.

ಪ್ರಣಾಲಿ ಮೊದಲು ನೋಡಿದ್ದು ಕುಬೇರನ ಕೈಯನ್ನು. ಅದೇ ಹಸಿರು ಹರಳು. ಅವನು ಕೈಯನ್ನು ತೊಡೆಯ ಕೆಳಗೆ ತೂರಿಸಿದ.

ಗೋದುಬಾಯಿ ಎದ್ದು ನಿಂತು ಚೀರಿದಳು. "ಈಶಪ್ಪಾ! ಇದು ಇನ್ನೂ ಹೆಂಗ ಐತೋ? ಅಳಸಂತ ಹೇಳಿದ್ನಿಲ್ಲೋ?"

ಕಂಗೆಟ್ಟ ಈಶಪ್ಪನ ಬಾಯಿಗೆ ಬೀಗವೇ ಇರಲಿಲ್ಲ. "ಅಳಿಸೇನ್ರಿ ಬಾಯೀ! ಎರಡ ವರ್ಷದ ಹಿಂದ, ನೀವ ಹೇಳಿದ ದಿನಾನ, ನನ್ನ ಕೈಯಾರೆ ಅಳಿಸೇನಿ!"

ಠಾಕಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಳಿಸಿದ್ರಿ? ಅಂದ್ರ ಇತ್ತು ಅಂದಂಗಾತು."

ತುಳಜಾ ನೀಲಿ ಬಟ್ಟೆ ಸರಿಸಿ ಹೊರಗೆ ಬಂದಳು. ಗೋದುಬಾಯಿಯ ಬಾಯಿ ತೆರೆದೇ ಇತ್ತು. ನತ್ತು ತುಟಿಯ ಮೇಲೆ ಅಲುಗುತ್ತಿತ್ತು. ಈ ಮುಖ ನೋಡಲೆಂದೇ ಹದಿನೈದು ತಿಂಗಳು ದಿನಾ ಎರಡು ಬಸ್ಸು ಹತ್ತಿದ್ದಳು ಅವಳು. ಕಣ್ತುಂಬ ನೋಡಿದಳು.

"ನಿಮ್ಮ ಹೆಸರೇನ್ರಿ ಅಕ್ಕಾ?" ಪ್ರಣಾಲಿ ಕೇಳಿದಳು.

"ತುಳಜಾ. ಅವರು ಇಟ್ಟಿದ್ದು ಸುಮಿತಾ."

ಪ್ರಣಾಲಿ ಎದ್ದು ಬಾಗಿಲ ಕಡೆ ನಡೆದಳು. ಹೊಸ್ತಿಲಲ್ಲಿ ತಿರುಗಿ ಗೋದುಬಾಯಿಗೆ ಒಂದೇ ಮಾತು ಹೇಳಿದಳು: "ನನ್ನ ಹೆಸರ ನನಗಿರ್ಲಿ ಬಾಯೀ." ಠಾಕಪ್ಪ ಮಗಳ ಬೆನ್ನಿಗೇ ಹೋದ. ಹೋಗುವಾಗ ತುಳಜಾಳಿಗೆ ಕೈ ಮುಗಿದ.

ಈಶಪ್ಪನ ಸಹಿ ಸಿಕ್ಕಿದ್ದು ಆ ಸಂಜೆಯೇ. "ಅಣ್ಣಾರ, ಈ ಯಂತ್ರ ನಂದು, ಈ ವಿಡಿಯೋ ಇದರಾಗಿಂದು ಅಂತ ಬರದ ಕೊಡ್ರಿ. ಇಲ್ಲಾ, ಯಾಕ ಅಳಿಸಿದ್ರಿ ಅಂತ ಕೋರ್ಟಿನಾಗ ಹೇಳ್ರಿ. ನೀವ ಅಂದಿದ್ದನ್ನ ಠಾಕಪ್ಪನವರ ಕೇಳ್ಯಾರ, ಸಾಕ್ಷಿ ಹೇಳ್ತಾರ" ಎಂದಳು ತುಳಜಾ. ಈಶಪ್ಪ ಸಹಿ ಮಾಡಿದ. ಉಪ್ಪು ತಿಂದವನು ನೀರು ಕುಡಿಯಬೇಕಲ್ಲ. ತಿಂಗಳ ಕೊನೆಗೆ ತುಳಜಾ ಕೆಲಸ ಬಿಟ್ಟಳು. ಈಗ ಹಳಿಯಾಳದಲ್ಲೇ ಒಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ.

ಕೋರ್ಟು ಅದರ ಪಾಡಿಗೆ ಅದು ನಡೆಯುತ್ತಿದೆ. ವಕೀಲರಮ್ಮನ ನೋಟೀಸು ಮುಟ್ಟಿದ ವಾರಕ್ಕೇ ಪಾತ್ರೆಗಳು ಮಾತ್ರ ಕುಬೇರನ ಟೆಂಪೋದಲ್ಲಿ ವಾಡಿಗೆ ವಾಪಸು ಬಂದವು. ಜ್ಯೋತಿಬಾ ಅಂಗಳದಲ್ಲಿ ಕೂತು ಒಂದೊಂದಾಗಿ ಎಣಿಸಿದ, ಐವತ್ತೊಂದು. ತುಳಜಾ ಅದರಲ್ಲಿಂದ ಒಂದು ಅಗಲವಾದ ಊಟದ ತಾಟು ಆರಿಸಿಕೊಂಡು ಹಳಿಯಾಳದ ಪೇಟೆಯಲ್ಲಿ ಹೆಸರು ಕೊರೆಯುವವನ ಬಳಿಗೆ ಹೋದಳು.

"ಅಂಚಿನ ಮ್ಯಾಲೆ ಒಂದ ಹೆಸರೈತಿ. ಇನ್ನೊಂದ ಎಲ್ಲಿ ಹಾಕ್ಲಿ?"

"ಒಳಗ, ಬರೋಬ್ಬರಿ ನಡುವ. ದೊಡ್ಡ ಅಕ್ಷರದಾಗ."

ಅವನು ಗುಯ್‌ಗುಟ್ಟುವ ಯಂತ್ರದಿಂದ ಆಳವಾಗಿ ಕೊರೆದ: ತುಳಜಾ ಜ್ಯೋತಿಬಾ. ಕೆಳಗೆ ಲಗ್ನದ ತಾರೀಖು. ಮರುದಿನ ಅವಳು ದಾಂಡೇಲಿಯ ಬಸ್ಸು ಹಿಡಿದು ಅಂಬೇವಾಡಿಗೆ ಹೋದಳು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದ ಗೋದುಬಾಯಿಯ ಮುಂದೆ ತಾಟು ಇಟ್ಟಳು. ಅಕ್ಕಪಕ್ಕದ ಮೂರು ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು.

"ಇದ ನಿಮಗಿರ್ಲಿ ಅತ್ತಿ. ನನ್ನ ಅಪ್ಪ ಕೊಟ್ಟಿದ್ದು."

ಗೋದುಬಾಯಿ ಸ್ಟೀಲ್ ತಾಟು ಬಿಸಾಡುವ ಜೀವವಲ್ಲ. ಸೋರುವ ಚರಿಗೆಯನ್ನೂ ಅಟ್ಟಕ್ಕೆ ಏರಿಸಿಟ್ಟವಳು. ನೆರೆಮನೆಯವರು ಈಗ ತುಳಜಾಳ ಹೆಸರು ಹಿಡಿದೇ ಫೋನ್ ಮಾಡಿ ಸುದ್ದಿ ಹೇಳುತ್ತಾರೆ. ಮುದುಕಿ ಅದೇ ತಾಟಿನಲ್ಲಿ ಉಣ್ಣುತ್ತಾಳಂತೆ, ಮೊದಲು ನಡುವಿನಲ್ಲೇ ಅನ್ನ ಸುರಿದುಕೊಂಡು. ಅರ್ಧ ಉಂಡಾಗ ಅಕ್ಷರ ಕಾಣತೊಡಗುತ್ತದೆ. ಆಗ ಹೊಟ್ಟೆ ತುಂಬಿರಲಿ ಬಿಡಲಿ, ಇನ್ನಷ್ಟು ಅನ್ನ ಹಾಕಿಕೊಳ್ಳುತ್ತಾಳಂತೆ.